ಎಂಟು ವರ್ಷದ ಮೇಲೆ ಮತ್ತೆ ರೇಸ್: ಯಾವ ಇವೆಂಟ್ ಹಾಕಲಿ?

ಎಂಟನೇ ಲೇನ್ | ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಪೂರ್ತಿ ಓದಿ ಹೇಳಿ.

ನನಗೆ 27 ವರ್ಷ. ಮನೆ ಬನಶಂಕರಿಯಲ್ಲಿ. ಏಳನೇ ವಯಸ್ಸಿನಿಂದ ಹತ್ತೊಂಬತ್ತರವರೆಗೆ ಸ್ಪರ್ಧೆಗಾಗಿ ಈಜಿದವಳು. 400 ಮೀಟರ್ ಫ್ರೀಸ್ಟೈಲ್ (ಫ್ರೀ) ಮತ್ತು 200 ಮೀಟರ್ ಬಟರ್‌ಫ್ಲೈ (ಫ್ಲೈ) ನನ್ನ ಇವೆಂಟ್‌ಗಳು. ಬೆಸ್ಟ್ ಟೈಮ್ 4:48 ಮತ್ತು 2:32 ನಿಮಿಷ. ಎರಡೂ ಹದಿನಾರನೇ ವಯಸ್ಸಿನಲ್ಲಿ ಬಂದವು. ಅಲ್ಲಿಂದ ಮೂರು ವರ್ಷ ಅರ್ಧ ಸೆಕೆಂಡೂ ಇಳಿಯಲಿಲ್ಲ. ಬೆಳಗ್ಗೆ ನಾಲ್ಕೂವರೆಗೆ ಏಳುವುದು, ಐದರಿಂದ ಏಳು ನೀರು, ಆಮೇಲೆ ಕಾಲೇಜು, ಸಂಜೆ ಮತ್ತೆ ಎರಡು ಗಂಟೆ ನೀರು. ಟೈಮ್ ಯಾಕೆ ಇಳಿಯುತ್ತಿಲ್ಲ ಎಂದು ಕೇಳಿದಾಗಲೆಲ್ಲ ಆಗಿನ ಕೋಚ್ ಕೊಟ್ಟ ಉತ್ತರ ಒಂದೇ: ಇನ್ನೂ ಜಾಸ್ತಿ ಹೊಡಿ.

ಬಿಟ್ಟ ದಿನ ಚೆನ್ನಾಗಿ ನೆನಪಿದೆ. ಟೋಪಿ ಕೈಯಲ್ಲಿ ಹಿಡಿದು ಡ್ರೆಸಿಂಗ್ ರೂಮಿನ ಬೆಂಚಿನ ಮೇಲೆ ಕೂತಿದ್ದೆ. ಹೊರಗೆ ಸೀಟಿ ಕೇಳಿಸಿತು. ವಾರ್ಮಪ್ ಶುರುವಾದ ಸದ್ದೂ ಕೇಳಿಸಿತು. ಏಳುವುದಕ್ಕೆ ಆಗಲಿಲ್ಲ. ಟೋಪಿಯೊಳಗಿನ ಪೌಡರನ್ನು ಹೆಬ್ಬೆರಳಲ್ಲಿ ಉಜ್ಜುತ್ತಾ ಮುಕ್ಕಾಲು ಗಂಟೆ ಹಾಗೇ ಕೂತಿದ್ದೆ. ಆಮೇಲೆ ಬ್ಯಾಗ್ ಎತ್ತಿಕೊಂಡು ಮನೆಗೆ ಹೋದೆ. ಯಾರಿಗೂ ಹೇಳಲಿಲ್ಲ.

ಈ ಬೇಸಿಗೆಯಲ್ಲಿ ಅಕ್ಕನ ಮಗಳನ್ನು ಶಿಬಿರಕ್ಕೆ ಸೇರಿಸಿದೆವು. ನೀರಿನಲ್ಲಿ ಗುಳ್ಳೆ ಬಿಡುವುದನ್ನು ಅವಳಿಗೆ ಹೇಳಿಕೊಡಲು ಒಂದು ಭಾನುವಾರ ನಾನೂ ಇಳಿದೆ. ಅವಳು ಹತ್ತಿ ಹೋದ ಮೇಲೂ ನಾನು ಹೊರಗೆ ಬರಲಿಲ್ಲ. ಈಗ ನಾಲ್ಕು ತಿಂಗಳಾಯಿತು. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಎರಡೂಕಾಲು ಕಿಲೋಮೀಟರ್.

ಇನ್ನು ಮೂರು ತಿಂಗಳಿಗೆ ಒಂದು ಮಾಸ್ಟರ್ಸ್ (ವಯಸ್ಕರ) ಮೀಟ್ ಇದೆ. ಈಗಿನ ಕೋಚ್ ಒಳ್ಳೆಯವರು. ಅವರು ಹೇಳುವುದು, "200 ಫ್ಲೈ ಹಾಕಿ, ನಿಮ್ಮ ವಯಸ್ಸಿನ ಗುಂಪಿನಲ್ಲಿ ಅದಕ್ಕೆ ಬರುವವರೇ ಕಡಿಮೆ, ಮೆಡಲ್ ಗ್ಯಾರಂಟಿ." ಆ ಇವೆಂಟ್ ಹೆಸರು ಕೇಳಿದರೆ ಸಾಕು, ಹೊಟ್ಟೆಯಲ್ಲಿ ಕಿವುಚಿದ ಹಾಗಾಗುತ್ತದೆ. ಹಾಕದಿದ್ದರೆ ಹೆದರಿ ಓಡಿಹೋದ ಹಾಗೆ ಅನ್ನಿಸುತ್ತದೆ. ಏನು ಮಾಡಲಿ?

ಸೆಕೆಂಡ್ ಪಿಯು | ಭಾನುವಾರ, ರಾತ್ರಿ 10:02

ಅಕ್ಕ, ಎಂಟು ವರ್ಷ ಬಿಟ್ಟು ಬಂದು ವಾರಕ್ಕೆ ನಾಲ್ಕು ದಿನ! 50 ಫ್ರೀ ಹಾಕಿ. ಅರ್ಧ ನಿಮಿಷದಲ್ಲಿ ಮುಗಿಯುತ್ತದೆ.

ನೀರುಕೋಳಿ | ಭಾನುವಾರ, ರಾತ್ರಿ 10:48

ನಾನೂ ಹಾಗೇ ಬಿಟ್ಟು, ಹಾಗೇ ವಾಪಸ್ ಬಂದವಳು. ನಿಮಗಿಂತ ಆರು ವರ್ಷ ದೊಡ್ಡವಳು. ವಾಪಸ್ ಬಂದ ಮೊದಲನೇ ವರ್ಷವೇ ನನ್ನ ಹಳೇ ಇವೆಂಟ್ 400 ಐಎಂ (ನಾಲ್ಕೂ ಸ್ಟ್ರೋಕ್ ಸೇರಿದ ಇವೆಂಟ್) ಹಾಕಿದೆ. ಮೀಟ್‌ಗೆ ಮೂರು ವಾರ ಇರುವಾಗ ಮತ್ತೆ ಅದೇ ಅಳು, ಅದೇ ಅಲಾರಂ ಭಯ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

200 ಫ್ಲೈ ರೇಸ್ ಮುಗಿಯಲು ನಿಮಗೆ ಹೆಚ್ಚೆಂದರೆ ಮೂರು, ಮೂರೂವರೆ ನಿಮಿಷ. ಅದಕ್ಕೆ ಮಾಡುವ ಪ್ರಾಕ್ಟೀಸ್ ಮೂರು ತಿಂಗಳು. ನಾವು ಇವೆಂಟ್ ಆರಿಸುವಾಗ ಆ ಮೂರು ನಿಮಿಷವನ್ನೇ ನೋಡುತ್ತೇವೆ. ನಿಮ್ಮನ್ನು ಸುಸ್ತು ಮಾಡಿದ್ದು ರೇಸಾ? ನೀವೇ ಬರೆದಿದ್ದೀರಿ, ನಾಲ್ಕೂವರೆಯ ಅಲಾರಂ, ಎರಡು ಹೊತ್ತಿನ ನೀರು. ಅಂದರೆ ಪ್ರಾಕ್ಟೀಸು. ಹಾಗಿದ್ದ ಮೇಲೆ ಲೆಕ್ಕ ಅಲ್ಲಿಂದಲೇ ಶುರುವಾಗಬೇಕು. ಯಾವ ಸೆಟ್ (ಆ ದಿನ ಈಜಬೇಕಾದ ಸುತ್ತುಗಳು) ಬೋರ್ಡಿನ ಮೇಲೆ ಬರೆದಿದ್ದರೆ ನೀವು ಖುಷಿಯಿಂದ ನೀರಿಗೆ ಇಳಿಯುತ್ತೀರಿ? ಆ ಸೆಟ್ ಯಾವ ಇವೆಂಟಿನದೋ ಅದನ್ನು ಹಾಕಿ.

200 ಫ್ಲೈಗೆ ತಯಾರಾಗುವುದು ಅಂದರೆ ದಣಿದ ತೋಳಲ್ಲೂ ಸ್ಟ್ರೋಕ್ ಕೆಡದ ಹಾಗೆ ಮತ್ತೆ ಮತ್ತೆ ಫ್ಲೈ ಹೊಡೆಯುವುದು. ಅದಕ್ಕೆ ಅಡ್ಡದಾರಿ ಇಲ್ಲ. 50ಕ್ಕೆ ತಯಾರಿ ಅಂದರೆ ಡೈವ್ ಹೊಡೆದು 8 ಸಲ 25 ಮೀಟರ್, ಪ್ರತಿ ಸಲ ಪೂರ್ತಿ ಜೋರು, ನಡುವೆ ಒಂದೂವರೆ ಎರಡು ನಿಮಿಷ ಬಿಡುವು. 200 ಫ್ರೀ ಅಂದರೆ ಒಂದೇ ವೇಗವನ್ನು ಹಿಡಿದಿಟ್ಟುಕೊಳ್ಳುವ 50ಗಳು, ಗಡಿಯಾರ ನೋಡುತ್ತಾ. ಮೂರೂ ಮೂರು ಥರದ ಬೆಳಗಿನ ಜಾವ.

ಕೋಳಿ ಕೂಗುವ ಮುಂಚೆ | ಸೋಮವಾರ, ಬೆಳಗ್ಗೆ 7:35

ನಾನು ಹದಿನೆಂಟು ವರ್ಷದಿಂದ ಮಕ್ಕಳಿಗೂ ದೊಡ್ಡವರಿಗೂ ಕೋಚಿಂಗ್ ಮಾಡುತ್ತಿದ್ದೇನೆ. ಇವೆಂಟ್ ಮಾತು ಆಮೇಲೆ. ಮೊದಲು ಎರಡು ಪ್ರಶ್ನೆ. ಬೆಳಗ್ಗೆ ಎದ್ದ ಕೂಡಲೇ ನಾಡಿ ಎಣಿಸಿ ನೋಡುತ್ತೀರಾ? ನಿಮ್ಮ ಮಾಮೂಲಿ ಲೆಕ್ಕಕ್ಕಿಂತ ಎರಡು ಮೂರು ದಿನ ಏಳೆಂಟು ಬಡಿತ ಜಾಸ್ತಿ ಇದ್ದರೆ ಆ ದಿನ ಜೋರು ಸೆಟ್ ಬೇಡ. ಎರಡನೆಯದು, ರಕ್ತ ಪರೀಕ್ಷೆ ಆಗಿದೆಯಾ? ಹುಡುಗಿಯರಲ್ಲಿ ಹಿಮೋಗ್ಲೋಬಿನ್ ಸರಿ ಇದ್ದು ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹದ ಅಳತೆ) ಕೆಳಗೆ ಹೋಗಿರುವುದು ಬಹಳ ಸಲ ಇರುತ್ತದೆ. ಸಸ್ಯಾಹಾರಿಗಳಾದರೆ ಬಿ12 ಕೂಡ. ಥೈರಾಯ್ಡ್ ಕೂಡ ನೋಡಿಸಿ. ಎಷ್ಟೋ ಮಕ್ಕಳಿಗೆ "ಸೋಮಾರಿ" ಎಂದು ಬೈದದ್ದು ಆಮೇಲೆ ಕಬ್ಬಿಣದ ಕೊರತೆ ಎಂದು ಗೊತ್ತಾಗಿದೆ. ಹಿಂದೆ ನಾನೂ ಹಾಗೆ ಬೈದಿದ್ದೇನೆ, ಅದರ ನೋವು ಇವತ್ತಿಗೂ ಇದೆ.

ಇನ್ನು ಇವೆಂಟ್. ನೀರುಕೋಳಿಯವರು ಹೇಳಿದ್ದು ಸರಿ. ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ನಿಮ್ಮ ಹಳೇ ಟೈಮ್ ಇಲ್ಲದ ಒಂದು ಇವೆಂಟನ್ನಾದರೂ ಹಾಕಿ. 400 ಫ್ರೀಯಲ್ಲಿ ನೀವು ಎಷ್ಟೇ ಚೆನ್ನಾಗಿ ಈಜಿದರೂ ಬೋರ್ಡ್ ನೋಡಿದಾಗ ತಲೆಯಲ್ಲಿ 4:48 ಬಂದೇ ಬರುತ್ತದೆ. ಬ್ಯಾಕ್‌ಸ್ಟ್ರೋಕ್ ಯಾವತ್ತಾದರೂ ರೇಸ್ ಮಾಡಿದ್ದೀರಾ?

ಎಂಟನೇ ಲೇನ್ | ಸೋಮವಾರ, ಮಧ್ಯಾಹ್ನ 1:20

ಸರ್, ನಾಡಿ ಎಣಿಸಿಲ್ಲ, ನಾಳೆಯಿಂದ ಎಣಿಸುತ್ತೇನೆ. ರಕ್ತ ಪರೀಕ್ಷೆ ಈ ವಾರವೇ ಮಾಡಿಸುತ್ತೇನೆ. ಹದಿನೇಳರಲ್ಲಿ ನನಗೆ ಐದು ತಿಂಗಳು ಮುಟ್ಟು ನಿಂತಿತ್ತು. "ಜಾಸ್ತಿ ಪ್ರಾಕ್ಟೀಸ್ ಮಾಡಿದರೆ ಹಾಗೇ" ಅಂದರು, ಬಿಟ್ಟುಬಿಟ್ಟೆವು.

ಬ್ಯಾಕ್ ರೇಸ್ ಮಾಡಿದ್ದೇ ಇಲ್ಲ. ಆದರೆ ಈಗ ಪ್ರಾಕ್ಟೀಸಿನಲ್ಲಿ ಸುಮ್ನೆ ಮಲಗಿ ಬ್ಯಾಕ್ ಹೊಡೆಯುವಾಗಲೇ ಅತಿ ಖುಷಿ. ಬಾಯಿ ಹೊರಗೇ ಇರುತ್ತದೆ, ಉಸಿರು ಬೇಕೆಂದಾಗ ಸಿಗುತ್ತದೆ.

ಫಿಸಿಯೋ ವಿಜಯನಗರ | ಸೋಮವಾರ, ಸಂಜೆ 6:15

ಮುಟ್ಟು ನಿಂತದ್ದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಖರ್ಚಾಗುವ ಶಕ್ತಿಗೆ ತಕ್ಕ ಊಟ ಇಲ್ಲದಾಗ ದೇಹ ಮೊದಲು ನಿಲ್ಲಿಸುವುದು ಅದನ್ನೇ. ಆಮೇಲೆ ಮೂಳೆ ಸವೆಯುತ್ತದೆ, ಎಷ್ಟು ಮಲಗಿದರೂ ಸುಸ್ತು ಹೋಗುವುದಿಲ್ಲ, ಟೈಮ್ ನಿಂತಲ್ಲೇ ನಿಲ್ಲುತ್ತದೆ. ಇದಕ್ಕೆ ರೆಡ್-ಎಸ್ ಎಂಬ ಹೆಸರನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಕೊಟ್ಟಿದೆ. ನಿಮ್ಮ ಟೈಮ್ ಮೂರು ವರ್ಷ ಇಳಿಯದಿರಲು ಇದೂ ಕಾರಣ ಆಗಿರಬಹುದು, ಮೇಡಂ. ಈಗಲೂ ಬೆಳಗಿನ ಪ್ರಾಕ್ಟೀಸಿಗೆ ಬರೀ ಕಾಫಿ ಕುಡಿದು ಹೋಗಬೇಡಿ. ಒಂದು ಬಾಳೆಹಣ್ಣು ತಿಂದು ಹೋಗಿ, ಮುಗಿದ ಮೇಲೆ ಹೊಟ್ಟೆ ತುಂಬ ತಿಂಡಿ ತಿನ್ನಿ.

ಭುಜದ ಬಗ್ಗೆಯೂ ಹೇಳಲೇಬೇಕು. ಬಿಟ್ಟು ಬಂದವರಲ್ಲಿ ದಮ್ಮು ಬೇಗ ವಾಪಸ್ ಬರುತ್ತದೆ, ಭುಜದ ಸ್ನಾಯುರಜ್ಜು ನಿಧಾನ. ಮೂರನೇ ತಿಂಗಳಿಗೆ "ನಾನು ಫಿಟ್" ಎಂದು ಕೈಗೆ ಪ್ಯಾಡಲ್ (ಪ್ಲಾಸ್ಟಿಕ್ ಹಲಗೆ) ಹಾಕಿ ನೀರು ಎಳೆದು ನನ್ನ ಹತ್ತಿರ ಬರುವವರು ಎಷ್ಟೋ ಜನ. ರಬ್ಬರ್ ಬ್ಯಾಂಡ್ ಬಾಗಿಲಿಗೆ ಕಟ್ಟಿ, ಮೊಣಕೈ ಪಕ್ಕೆಗೆ ಒತ್ತಿ ಹಿಡಿದು, ಕೈಯನ್ನು ಹೊರಕ್ಕೆ ತಿರುಗಿಸುವುದು, 15ರ ಮೂರು ಸೆಟ್. ನೀರಿಗೆ ಇಳಿಯುವ ಮುಂಚೆ ದಿನವೂ ಮಾಡಿ. ಫ್ಲೈ ಮಾಡುವುದಾದರೆ ಸೊಂಟದ ಕಡೆಯೂ ಗಮನ ಇರಲಿ. ಬ್ರೆಸ್ಟ್‌ಸ್ಟ್ರೋಕ್ ಮಾಡುವವರಿಗೆ ಮೊಣಕಾಲಿನ ಒಳಬದಿ ನೋವು ಬರುತ್ತದೆ.

ಸ್ಟಾಪ್‌ವಾಚ್ ಅಪ್ಪ | ಸೋಮವಾರ, ರಾತ್ರಿ 9:05

ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ಎಂಟನೇ ಲೇನ್ ಅವರ ಮೊದಲ ಪೋಸ್ಟ್ ಓದಿ ಊಟ ಸೇರಲಿಲ್ಲ. ನನ್ನ ಮಗನಿಗೆ ಹದಿನೈದು. 200 ಐಎಂ ಮಾಡುತ್ತಾನೆ. ಎರಡು ತಿಂಗಳಿಂದ ಕಾರಿನಲ್ಲಿ ಮಾತೇ ಇಲ್ಲ. ಬೆಳಗ್ಗೆ ಏಳುತ್ತಾನೆ, ಬರುತ್ತಾನೆ, ಈಜುತ್ತಾನೆ, ಮುಖದಲ್ಲಿ ಏನೂ ಇಲ್ಲ. ನಾನು ಗ್ಯಾಲರಿಯಲ್ಲಿ ಕೂತು ಪ್ರತಿ ಸ್ಪ್ಲಿಟ್ (ರೇಸಿನ ಒಂದೊಂದು ಭಾಗದ ಟೈಮ್) ಫೋನಿನಲ್ಲಿ ಬರೆದುಕೊಳ್ಳುತ್ತೇನೆ. ರಾಜ್ಯ ಮೀಟ್ ಹತ್ತಿರ ಬರುತ್ತಿದೆ. ಬಿಡಿಸಲಾ, ಮುಂದುವರಿಸಲಾ?

ಎಂಟನೇ ಲೇನ್ | ಸೋಮವಾರ, ರಾತ್ರಿ 9:50

ಸರ್, ನಾನು ಕೋಚ್ ಅಲ್ಲ. ಆ ಬೆಂಚಿನ ಮೇಲೆ ಕೂತಿದ್ದ ಹುಡುಗಿಯಾಗಿ ಹೇಳುತ್ತೇನೆ. ನನಗೆ ಆಗ ಬೇಕಾಗಿದ್ದದ್ದು ಒಂದೇ ಒಂದು ಮಾತು, "ಈ ವಾರ ಬೇಡ, ಮಲಗಿಕೋ" ಅಂತ. ಮನೆಯಲ್ಲಿ ಯಾರಾದರೂ ಹಾಗೆ ಅಂದಿದ್ದರೆ ನಾನು ಎಂಟು ವರ್ಷ ಬಿಡುತ್ತಿರಲಿಲ್ಲ ಅನ್ನಿಸುತ್ತದೆ.

ದಯವಿಟ್ಟು ಸ್ಪ್ಲಿಟ್ ಬರೆಯುವುದನ್ನು ಕೋಚ್‌ಗೆ ಬಿಡಿ. ಕಾರಿನಲ್ಲಿ ಟೈಮ್ ಕೇಳಬೇಡಿ. ತಿಂಡಿಗೆ ಎಲ್ಲಿ ನಿಲ್ಲಿಸೋಣ ಅಂತ ಕೇಳಿ. ಎರಡು ವಾರ ರಜ ಕೊಟ್ಟು ನೋಡಿ, ಆ ಎರಡು ವಾರದಲ್ಲಿ ಈಜಿನ ಮಾತೇ ಎತ್ತಬೇಡಿ. ರಾಜ್ಯ ಮೀಟ್ ಮುಂದಿನ ವರ್ಷವೂ ಬರುತ್ತದೆ. ಮತ್ತೆ, ಮೇಲೆ ಹೇಳಿದ ರಕ್ತ ಪರೀಕ್ಷೆ ಅವನಿಗೂ ಮಾಡಿಸಿ.

ಕೋಳಿ ಕೂಗುವ ಮುಂಚೆ | ಸೋಮವಾರ, ರಾತ್ರಿ 10:10

ಎರಡು ವಾರದ ರಜದಲ್ಲಿ ಹದಿನೈದರ ಹುಡುಗ ಕಳೆದುಕೊಳ್ಳುವುದು ಏನೂ ಇಲ್ಲ. ನೀರಿನ ಹಿಡಿತ ಸ್ವಲ್ಪ ಸಡಿಲ ಆಗುತ್ತದೆ, ಒಂದು ವಾರದಲ್ಲಿ ಬರುತ್ತದೆ. ಇಷ್ಟಾದರೂ ಮುಖ ಹಾಗೇ ಇದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಮನಸ್ಸಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ. ಬ್ರಿಟನ್ನಿನ ಈಜುಗಾರ ಆಡಮ್ ಪೀಟಿ 2023ರಲ್ಲಿ ಮನಸ್ಸು ಸರಿಯಿಲ್ಲ ಎಂದು ಬಹಿರಂಗವಾಗಿ ಹೇಳಿಯೇ ಬ್ರಿಟಿಷ್ ಚಾಂಪಿಯನ್‌ಶಿಪ್ ಬಿಟ್ಟರು. ಮರುವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಬ್ರೆಸ್ಟ್ ಬೆಳ್ಳಿ. ಚಿನ್ನ ತಪ್ಪಿದ್ದು 0.02 ಸೆಕೆಂಡಿನಲ್ಲಿ. ಅಮೆರಿಕದ ಈಜುಗಾರ ಕೇಲೆಬ್ ಡ್ರೆಸೆಲ್ 2022ರ ವಿಶ್ವ ಚಾಂಪಿಯನ್‌ಶಿಪ್‌ನಿಂದ ಅರ್ಧಕ್ಕೇ ಹೊರಟು ತಿಂಗಳುಗಟ್ಟಲೆ ನೀರಿನಿಂದ ದೂರ ಇದ್ದರು. ಅವರೂ ಪ್ಯಾರಿಸ್‌ಗೆ ಬಂದರು.

ಫ್ಲೈ ಬಿಡದವನು | ಮಂಗಳವಾರ, ಬೆಳಗ್ಗೆ 8:20

ನಾನು ಒಪ್ಪುವುದಿಲ್ಲ. ಎಲ್ಲರೂ ಸೇರಿ ಅವರನ್ನು ಫ್ಲೈಯಿಂದ ದೂರ ಮಾಡುತ್ತಿದ್ದೀರಿ. ಹೊಟ್ಟೆ ಕಿವುಚುವ ಇವೆಂಟನ್ನು ಬಿಟ್ಟರೆ ಆ ಭಯ ಅಲ್ಲೇ ಉಳಿಯುತ್ತದೆ. ನಾನೂ 200 ಫ್ಲೈಗೆ ಹೆದರಿ ನಾಲ್ಕು ವರ್ಷ ಬಿಟ್ಟಿದ್ದೆ. ವಾಪಸ್ ಹೋಗಿ ಒಂದು ಸಲ ಪೂರ್ತಿ ಮುಗಿಸಿದ ದಿನ ಸಿಕ್ಕ ನೆಮ್ಮದಿ ಯಾವ ಮೆಡಲ್‌ನಲ್ಲೂ ಸಿಕ್ಕಿರಲಿಲ್ಲ. 27 ವರ್ಷದವರಿಗೆ "ಖುಷಿಯಾದದ್ದು ಮಾತ್ರ ಮಾಡಿ" ಎಂದು ಹೇಳುವುದು ಅವರ ಶಕ್ತಿಯನ್ನು ಕಡಿಮೆ ಅಂದಾಜು ಮಾಡಿದ ಹಾಗೆ.

ನೀರುಕೋಳಿ | ಮಂಗಳವಾರ, ಬೆಳಗ್ಗೆ 9:15

ನಿಮ್ಮ ಮಾತು ನನಗೂ ಅರ್ಥವಾಗುತ್ತದೆ. ಆದರೆ ನೀವು ನಾಲ್ಕು ವರ್ಷ ಬಿಟ್ಟದ್ದು ಒಂದು ಇವೆಂಟನ್ನು. ಇವರು ಬಿಟ್ಟದ್ದು ಈಜನ್ನೇ. ನೀರಿಗೆ ಬಂದು ನಾಲ್ಕು ತಿಂಗಳಾಗಿದೆ ಅಷ್ಟೇ. ಮೊದಲು ಕಾಲೂರಲಿ. 200 ಫ್ಲೈ ಎಲ್ಲಿಗೂ ಓಡಿಹೋಗುವುದಿಲ್ಲ.

ನಮ್ಮ ದೇಶದ ಈಜುಗಾರ ವೀರಧವಳ್ ಖಾಡೆ ಅವರನ್ನೇ ನೋಡಿ. ಹದಿನಾರನೇ ವಯಸ್ಸಿನಲ್ಲಿ 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ 50, 100, 200 ಫ್ರೀ ಮೂರಕ್ಕೂ ಅರ್ಹತೆ ಪಡೆದಿದ್ದವರು. 2010ರ ಏಷ್ಯನ್ ಗೇಮ್ಸ್‌ನಲ್ಲಿ 50 ಫ್ಲೈ ಕಂಚು. ಆಮೇಲೆ ಮಹಾರಾಷ್ಟ್ರದಲ್ಲಿ ತಹಸೀಲ್ದಾರ್ ಆದರು, ಈಜು ನಿಂತೇಹೋಯಿತು. ವಾಪಸ್ ಬಂದಾಗ ಗಮನ ಇಟ್ಟದ್ದು 50ರ ಮೇಲೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ 50 ಫ್ರೀ ಫೈನಲ್, ನಾಲ್ಕನೇ ಸ್ಥಾನ, ಕಂಚು ತಪ್ಪಿದ್ದು 0.01 ಸೆಕೆಂಡಿನಲ್ಲಿ. ಇದನ್ನು ಓಡಿಹೋದದ್ದು ಅನ್ನುತ್ತೀರಾ?

ಫ್ಲೈ ಬಿಡದವನು | ಮಂಗಳವಾರ, ಬೆಳಗ್ಗೆ 9:40

ಅನ್ನುವುದಿಲ್ಲ. ಸರಿ, ಹೀಗೆ ಮಾಡಿ: 50 ಫ್ಲೈ ಹಾಕಿ. ಫ್ಲೈ ಜೊತೆ ಸಂಬಂಧ ಪೂರ್ತಿ ಕಡಿದುಕೊಳ್ಳಬೇಡಿ. ಬ್ಯಾಕ್, ಬ್ರೆಸ್ಟ್, ಫ್ಲೈ ಮೂರರ 50ಗಳೂ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿವೆ. ಚಿಕ್ಕ ಇವೆಂಟ್ ಎಂದು ಯಾರೂ ಮೂಗು ಮುರಿಯುವ ಹಾಗಿಲ್ಲ.

ಹಲಸೂರು ತಾತ | ಮಂಗಳವಾರ, ಮಧ್ಯಾಹ್ನ 3:30

ನನಗೆ 64. ಐವತ್ತಾದ ಮೇಲೆ ಮಾಸ್ಟರ್ಸ್ ಶುರು ಮಾಡಿದವನು. ಮಗಳೇ, ಕೆಲವು ನಿಯಮ ತಿಳಿದುಕೊಂಡು ಹೋಗು, ಭಯ ಅರ್ಧ ಇಳಿಯುತ್ತದೆ. ವಿಶ್ವ ಮಾಸ್ಟರ್ಸ್ ನಿಯಮದಲ್ಲಿ ಗುಂಪುಗಳು 25ರಿಂದ ಶುರು, ಐದೈದು ವರ್ಷಕ್ಕೆ ಒಂದು. ಆ ವರ್ಷದ ಡಿಸೆಂಬರ್ 31ಕ್ಕೆ ಎಷ್ಟು ತುಂಬಿರುತ್ತದೋ ಅದೇ ನಿನ್ನ ವಯಸ್ಸು. ಬ್ಲಾಕ್ ಮೇಲಿಂದಲೇ ಡೈವ್ ಹೊಡೆಯಬೇಕೆಂದಿಲ್ಲ, ದಡದಿಂದ ಹೊಡೆಯಬಹುದು, ನೀರಿನಲ್ಲಿ ಗೋಡೆ ಒದ್ದು ಹೊರಡಲೂಬಹುದು. ಫ್ಲೈಯಲ್ಲಿ ಬ್ರೆಸ್ಟ್ ಕಿಕ್‌ಗೂ ಅವಕಾಶ ಇದೆ. ಹಾಗಾಗಿಯೇ ನನ್ನಂಥವರೂ 50 ಫ್ಲೈ ಮುಗಿಸುತ್ತೇವೆ.

ಇನ್ನೊಂದು. ನೀನು ಪ್ರಾಕ್ಟೀಸ್ ಮಾಡುವ ಕೊಳ ಎಷ್ಟು ಉದ್ದ? 25 ಮೀಟರ್ ಕೊಳದಲ್ಲಿ 200ಕ್ಕೆ ಏಳು ಟರ್ನ್, ಏಳು ಸಲ ಗೋಡೆ ಒದ್ದು ಜಾರುವ ಸುಖ. 50 ಮೀಟರ್‌ನಲ್ಲಿ ಮೂರೇ. ಅಪಾರ್ಟ್‌ಮೆಂಟ್ ಕೊಳದಲ್ಲಿ ತಯಾರಾಗಿ ಬಸವನಗುಡಿ ಅಕ್ವಾಟಿಕ್ ಸೆಂಟರ್‌ನಂಥ ಕಡೆ ಇಳಿದರೆ ಕೊನೆಯ 15 ಮೀಟರ್ ಮುಗಿಯುವುದೇ ಇಲ್ಲ. ಮೀಟ್‌ಗೆ ಮುಂಚೆ ನಾಲ್ಕೈದು ಸಲವಾದರೂ ಉದ್ದ ಕೊಳದಲ್ಲಿ ಈಜು.

ಮತ್ತೆ ಇವೆಂಟ್‌ಗಳ ಕ್ರಮ ನೋಡಿಕೊಂಡು ಫಾರಂ ತುಂಬು. ನಾನು ಒಂದು ಸಲ 200 ಫ್ರೀ ಮುಗಿಸಿ ಟವಲ್ ಹುಡುಕುವಷ್ಟರಲ್ಲಿ 100 ಬ್ರೆಸ್ಟ್‌ಗೆ ಹೆಸರು ಕೂಗಿದರು.

ಎಂಟನೇ ಲೇನ್ | ಮಂಗಳವಾರ, ರಾತ್ರಿ 8:30

ತಾತಾ, ನಾನು ಹೋಗುವುದು 25 ಮೀಟರ್ ಕೊಳಕ್ಕೆ. ಶನಿವಾರ ಉದ್ದ ಕೊಳಕ್ಕೆ ಹೋಗಿ ಟೈಮ್ ಟ್ರಯಲ್ ಮಾಡುತ್ತೇನೆ. ಯಾವುದು ಯಾವುದು ಮಾಡಲಿ ಸರ್?

ಕೋಳಿ ಕೂಗುವ ಮುಂಚೆ | ಮಂಗಳವಾರ, ರಾತ್ರಿ 9:00

ಶನಿವಾರ 400 ಫ್ರೀ, ಒಳ್ಳೆಯ ಬಿಡುವು ಕೊಟ್ಟು 200 ಫ್ರೀ. 400ರ ಟೈಮಿನಿಂದ 200ರ ಟೈಮ್ ಕಳೆದು ಎರಡರಿಂದ ಭಾಗಿಸಿ. 100ಕ್ಕೆ ನೀವು ಹೆಚ್ಚು ಹೊತ್ತು ಉಳಿಸಿಕೊಳ್ಳಬಲ್ಲ ವೇಗ ಸುಮಾರಾಗಿ ಸಿಗುತ್ತದೆ. ಪ್ರಾಕ್ಟೀಸ್ ಸೆಟ್‌ಗಳನ್ನು ಆ ವೇಗದ ಮೇಲೆ ಕಟ್ಟಿ, ಹದಿನಾರರ ವೇಗದ ಮೇಲೆ ಬೇಡ. ಭಾನುವಾರ 100 ಬ್ಯಾಕ್, 50 ಫ್ಲೈ.

ಎಂಟನೇ ಲೇನ್ | ಭಾನುವಾರ, ಮಧ್ಯಾಹ್ನ 12:10

ಮಾಡಿ ಬಂದೆ. ಎಲ್ಲ ಬರೆಯುತ್ತೇನೆ.

400 ಫ್ರೀ 6:05. 200 ಫ್ರೀ 2:51. ಲೆಕ್ಕ ಹಾಕಿದರೆ 100ಕ್ಕೆ 1:37. 200ರಲ್ಲಿ ಮೊದಲ ನೂರು 1:16ಕ್ಕೆ ಹೋದೆ, ಎರಡನೆಯದು 1:35. ಹದಿನಾರನೇ ವಯಸ್ಸಿನ ತಲೆ, 27ರ ತೋಳು. ಮೂರನೇ ಐವತ್ತರಲ್ಲಿ ಕೈ ನೀರನ್ನು ಹಿಡಿಯುತ್ತಲೇ ಇರಲಿಲ್ಲ, ಜಾರುತ್ತಿತ್ತು. 400 ಮುಗಿಸಿ ಗಡಿಯಾರ ನೋಡಿದಾಗ, ಸರ್ ಹೇಳಿದ ಹಾಗೇ, 4:48 ಕಣ್ಣ ಮುಂದೆ ಬಂತು. ಲೇನ್ ಹಗ್ಗ ಹಿಡಿದು ಸ್ವಲ್ಪ ಹೊತ್ತು ಅತ್ತೆ.

ಇವತ್ತು 50 ಫ್ಲೈ 37.8. ಮುಗಿಸಿದಾಗ ಹೊಟ್ಟೆ ಕಿವುಚಲಿಲ್ಲ. ಇನ್ನೊಂದು ಸಲ ಮಾಡಬಹುದಿತ್ತು ಅನ್ನಿಸಿತು.

100 ಬ್ಯಾಕ್ 1:24. ಇದರ ಬಗ್ಗೆ ಏನು ಹೇಳಲಿ! ಹೋಲಿಸಲು ಏನೂ ಇಲ್ಲ, 1:24 ಅಷ್ಟೇ. ಕೊಳದ ಮೇಲೆ ಅಡ್ಡಲಾಗಿ ಕಟ್ಟಿದ ಬಾವುಟದ ಸಾಲಿನಿಂದ ಗೋಡೆಗೆ ಐದು ಮೀಟರ್, ನನಗೆ ಎಷ್ಟು ಸ್ಟ್ರೋಕ್ ಎಂದೇ ಗೊತ್ತಿರಲಿಲ್ಲ. ಟರ್ನ್‌ನಲ್ಲಿ ಹೆದರಿ ಮುಂಚೆಯೇ ತಿರುಗಿ, ಗೋಡೆ ಕಾಲಿಗೆ ಸರಿಯಾಗಿ ಸಿಗಲಿಲ್ಲ. ಆಮೇಲೆ ಅರ್ಧ ಗಂಟೆ ಅದನ್ನೇ ಮಾಡಿದೆ. ಬಾವುಟ ತಲೆಯ ಮೇಲೆ ಹಾದ ಕೂಡಲೇ ಎಣಿಸುವುದು. ಒಂದು, ಎರಡು, ಮೂರು, ನಾಲ್ಕು, ತಿರುಗು. ಐದನೆಯದಕ್ಕೆ ಹೋದರೆ ತಲೆ ತಾಗುತ್ತದೆ. ಸಮಯ ಹೋದದ್ದೇ ತಿಳಿಯಲಿಲ್ಲ, ಪೂಲ್ ಮುಚ್ಚುವವರು ಬಂದು ಕರೆದರು.

ರಕ್ತ ಪರೀಕ್ಷೆಯ ರಿಪೋರ್ಟ್ ಬಂತು. ಹಿಮೋಗ್ಲೋಬಿನ್ ಸರಿ ಇದೆ, ಫೆರಿಟಿನ್ ಕಡಿಮೆ. ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ.

ಫಿಸಿಯೋ ವಿಜಯನಗರ | ಭಾನುವಾರ, ಮಧ್ಯಾಹ್ನ 12:45

ಕಬ್ಬಿಣದ ಮಾತ್ರೆ ಕಾಫಿ ಟೀ ಜೊತೆ ಬೇಡ, ಒಂದೆರಡು ಗಂಟೆ ಅಂತರ ಇರಲಿ. ನಿಂಬೆಹಣ್ಣಿನ ಶರಬತ್ತಿನ ಜೊತೆ ಒಳ್ಳೆಯದು.

ಸ್ಟಾಪ್‌ವಾಚ್ ಅಪ್ಪ | ಭಾನುವಾರ, ಸಂಜೆ 5:20

ಮಗನಿಗೆ ಬುಧವಾರದಿಂದ ರಜ ಕೊಟ್ಟೆ. ಮೊದಲ ದಿನ ಹನ್ನೊಂದರವರೆಗೆ ಮಲಗಿದ. ಇವತ್ತು ಗಾಂಧಿ ಬಜಾರಿಗೆ ದೋಸೆ ತಿನ್ನಲು ಹೋಗಿದ್ದೆವು. ವಾಪಸ್ ಬರುವಾಗ ಅವನೇ ಹೇಳಿದ, "ಅಪ್ಪಾ, ನನಗೆ ಬ್ರೆಸ್ಟ್ ಮಾತ್ರ ಇಷ್ಟ" ಅಂತ. ಐಎಂ ಮಾಡು ಎಂದದ್ದು ನಾನು. ಕೋಚ್ ಹತ್ತಿರ ಮಾತಾಡುತ್ತೇನೆ. ಎಂಟನೇ ಲೇನ್ ಅವರಿಗೆ ಕೈ ಮುಗಿದು ಥ್ಯಾಂಕ್ಸ್.

ಎಂಟನೇ ಲೇನ್ | ಸೋಮವಾರ, ರಾತ್ರಿ 9:15

ಫಾರಂ ತುಂಬಿದೆ. 100 ಬ್ಯಾಕ್, 50 ಫ್ಲೈ, 200 ಫ್ರೀ. ತಾತಾ, ಕ್ರಮ ನೋಡಿದ್ದೇನೆ, 200 ಫ್ರೀ ಬೇರೆ ದಿನ ಬರುತ್ತದೆ. 400 ಹಾಕಲಿಲ್ಲ. ಕೋಚ್‌ಗೆ ಎಲ್ಲ ಬಿಡಿಸಿ ಹೇಳಿದೆ, ಹದಿನೇಳರಲ್ಲಿ ಆದದ್ದನ್ನೂ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ವೈಟ್‌ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ಇದ್ದ "ಫ್ಲೈ" ಒರೆಸಿ "ಬ್ಯಾಕ್" ಅಂತ ಬರೆದರು. ನಾಳೆ 12 ಸಲ 25 ನೀರೊಳಗಿನ ಕಿಕ್, 15 ಮೀಟರ್ ಗುರುತಿನೊಳಗೆ ಮೇಲೆ ಬರಬೇಕು.

200 ಫ್ರೀ ಮೊದಲ ನೂರು 1:21ಕ್ಕಿಂತ ಜೋರಾಗಿ ಹೋಗಬಾರದು ಎಂದು ಕೈ ಮೇಲೆ ಬರೆದುಕೊಳ್ಳಲಾ ಅಂತ ಯೋಚಿಸುತ್ತಿದ್ದೇನೆ.

ಫ್ಲೈ ಬಿಡದವನು | ಸೋಮವಾರ, ರಾತ್ರಿ 9:32

ಬರೆದುಕೊಳ್ಳಿ. ಮಾರ್ಕರ್‌ನಲ್ಲಿ ಬರೆಯಿರಿ, ಪೆನ್ ಅಳಿಸಿಹೋಗುತ್ತದೆ. 50 ಫ್ಲೈ ಕೊನೆಯ ಐದು ಮೀಟರ್ ಉಸಿರು ತೆಗೆಯಬೇಡಿ.

ಸೆಕೆಂಡ್ ಪಿಯು | ಸೋಮವಾರ, ರಾತ್ರಿ 9:41

ಅಕ್ಕ, ಮೀಟ್ ದಿನ ನಾವು ನಾಲ್ಕು ಜನ ಗ್ಯಾಲರಿಗೆ ಬರುತ್ತೇವೆ. ಯಾವ ಲೇನ್ ಸಿಕ್ಕಿತು ಅಂತ ಹೇಳಿ, ಅದೇ ಕಡೆ ಕೂರುತ್ತೇವೆ.